ಅಂಗಳದ ಮಾತು: ಗಿಡದ ತವರು ಯಾವುದು ಕೇಳಿ



ಗುಲಾಬಿಗೆ ಗೊಬ್ಬರ ಹಾಕುವ ಕ್ರಮವನ್ನು ಈ ಅಂಕಣದಲ್ಲಿ ಬರೆದ ಮೇಲೆ ನಿಮ್ಮಲ್ಲಿ ಅನೇಕರು ಪತ್ರ ಬರೆದಿದ್ದೀರಿ. ತುಂಬ ಸಂತೋಷ. ಆದರೆ ಹೆಚ್ಚಿನ ಪತ್ರಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ. "ಸಗಣಿ ಗೊಬ್ಬರ ಹಾಕಿದ್ದಾಯಿತು, ಹಿಂಡಿ ಹಾಕಿದ್ದಾಯಿತು, ಅಕ್ಕಿ ತೊಳೆದ ನೀರೂ ಹಾಕಿದ್ದಾಯಿತು. ಆದರೂ ಗಿಡ ಸೊರಗುತ್ತಿದೆ. ಇನ್ನೇನು ಹಾಕಲಿ?"

ಇನ್ನೇನು ಹಾಕಲಿ ಅಂತ ಕೇಳುವುದು ನಮ್ಮ ಹೆಂಗಸರ ಹುಟ್ಟುಗುಣ ನೋಡಿ. ಮಗು ಸಣ್ಣಗಾದರೂ ಅದೇ ಪ್ರಶ್ನೆ, ಗಿಡ ಸಣ್ಣಗಾದರೂ ಅದೇ ಪ್ರಶ್ನೆ. ಏನೂ ಹಾಕದೆ ಸುಮ್ಮನಿರುವುದೂ ಒಂದು ಆರೈಕೆಯೇ ಎಂಬುದು ನನಗೂ ಗೊತ್ತಿರಲಿಲ್ಲ. ಒಂದು ಅಪರೂಪದ ಹೂಗಿಡವನ್ನು ನನ್ನ ಕೈಯಾರೆ ಸಾಯಿಸಿದ ಮೇಲೆ ಗೊತ್ತಾಯಿತು. ಆ ಕಥೆಯನ್ನೇ ಈ ಸಲ ಹೇಳಿಬಿಡುತ್ತೇನೆ. ನಾಚಿಕೆಯ ವಿಷಯವೇ, ಆದರೆ ನಿಮ್ಮ ಮುಂದೆ ಏನು ಮುಚ್ಚುಮರೆ!

2022ನೇ ಇಸವಿ. ನನ್ನ ತಂಗಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದಾಳೆ. ಅವಳ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅವಳು ಇಲ್ಲಿಗೆ ಬರುವ ಹಾಗಿರಲಿಲ್ಲ. ನಮ್ಮಮ್ಮನಿಗೆ ಮಂಡಿನೋವು, ಅಷ್ಟು ದೂರದ ಪ್ರಯಾಣ ಆಗದು. "ಅವಳು ತವರಿಗೆ ಬರಕ್ಕಾಗಲ್ಲ ಅಂದ್ರೆ ತವರೇ ಅವಳ ಹತ್ರ ಹೋಗ್ಬೇಕು, ನೀನು ಹೋಗು" ಎಂದರು ಅಮ್ಮ. ಹಾಗೆ ಜುಲೈ ತಿಂಗಳಲ್ಲಿ ನಾನು ಹೊರಟೆ. ನಮಗೆ ಮಳೆಗಾಲವಾದರೆ ಅಲ್ಲಿ ಆಗ ಚಳಿಗಾಲ.

ತಂಗಿಯ ಮನೆ ಊರಿನ ಪಶ್ಚಿಮ ಭಾಗದಲ್ಲಿ. ಹಿತ್ತಲಿನ ಒಂದು ಮೂಲೆಯಲ್ಲಿ ಮರಳು ಬೆರೆಸಿ ಮಣ್ಣನ್ನು ದಿಬ್ಬ ಮಾಡಿ, ಅದರ ಮೇಲೆ ಒಂದೇ ಒಂದು ಗಿಡ ನೆಟ್ಟಿದ್ದರು. ಎದೆಮಟ್ಟ ಎತ್ತರ. ಬುಡದಿಂದಲೇ ಮೂರು ನಾಲ್ಕು ಕೋಲು ನೇರವಾಗಿ ಎದ್ದಿದ್ದವು. ಎಲೆ ಉದ್ದ, ಚರ್ಮದ ಹಾಗೆ ಗಟ್ಟಿ, ಅಂಚಿನಲ್ಲಿ ಗರಗಸದ ಹಲ್ಲು. ಒಂದು ಕೋಲಿನ ತುದಿಯಲ್ಲಿ ಕೆಂಪು ಮೊಗ್ಗು.

"ಇದು ವಾರಾಟಾ ಅಕ್ಕ. ನೆಟ್ಟು ನಾಲ್ಕು ವರ್ಷ ಆಯ್ತು. ಇದೇ ಮೊದಲನೇ ಮೊಗ್ಗು. ಮಗು ಬರೋ ಹೊತ್ತಿಗೆ ಇದೂ ಅರಳುತ್ತೆ" ಎಂದಳು. ಅವಳ ಮುಖ ಆಗ ನೋಡಬೇಕಿತ್ತು!

ಈ ಹೂವಿನ ಪರಿಚಯ ಸ್ವಲ್ಪ ಮಾಡಿಕೊಡುತ್ತೇನೆ. ವಾರಾಟಾ ಎಂಬುದು ಸಿಡ್ನಿ ಭಾಗದ ಮೂಲನಿವಾಸಿಗಳ ಮಾತು. ಶಾಸ್ತ್ರದ ಹೆಸರು ಟೆಲೋಪಿಯಾ ಸ್ಪೆಸಿಯೋಸಿಸ್ಸಿಮಾ. ಟೆಲೋಪಿಯಾ ಎಂಬ ಹೆಸರನ್ನು 1810ರಲ್ಲಿ ಕೊಟ್ಟವರು ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ "ದೂರದಿಂದ ಕಾಣುವಂಥದು" ಎಂದು ಅರ್ಥ. ಸರಿಯಾದ ಹೆಸರೇ! ಅಂಗೈ ತುಂಬುವಷ್ಟು ದೊಡ್ಡ ಕುಂಕುಮಗೆಂಪು ಚೆಂಡು, ಕಾಡಿನ ಹಸಿರಿನ ಮಧ್ಯೆ ಆರತಿ ಹಚ್ಚಿಟ್ಟ ಹಾಗೆ ಕಾಣುತ್ತದೆ. ನಾವು ಒಂದು ಹೂ ಎಂದುಕೊಳ್ಳುವುದು ನಿಜವಾಗಿ ಒಂದು ಹೂವಲ್ಲ. ನಮ್ಮ ಸೇವಂತಿಗೆಯಲ್ಲೂ ಹಾಗೇ ಅಲ್ಲವೇ? ಬಾಗಿದ ಪುಟ್ಟ ಪುಟ್ಟ ಹೂಗಳು ನೂರಾರು ಸೇರಿ ಒಂದು ಚೆಂಡು. ಸುತ್ತಲೂ ಪಕಳೆಯ ಹಾಗಿರುವುದು ಬಣ್ಣ ಬಂದ ಎಲೆ. ಮಕರಂದ ಹೇರಳ. ನಮ್ಮಲ್ಲಿ ಸೂರಕ್ಕಿ ಹೂವಿಗೆ ಕೊಕ್ಕು ಹಾಕುವಂತೆ ಅಲ್ಲಿ ಜೇನು ಹೀರುವ ಬೇರೆ ಜಾತಿಯ ಹಕ್ಕಿಗಳು ಬಂದು ಈ ಹೂವಿಗೆ ಮುತ್ತುತ್ತವೆ. ಪರಾಗವನ್ನು ಹೂವಿಂದ ಹೂವಿಗೆ ಒಯ್ಯುವುದೂ ಅವೇ.

ಅರಳುವುದು ಅಲ್ಲಿನ ವಸಂತದಲ್ಲಿ, ಅಂದರೆ ಸೆಪ್ಟೆಂಬರಿನಿಂದ ನವೆಂಬರ್ ತನಕ. 1962ರಲ್ಲಿ ಈ ಹೂವನ್ನು ನ್ಯೂ ಸೌತ್ ವೇಲ್ಸ್ ರಾಜ್ಯದ ಲಾಂಛನ ಪುಷ್ಪವೆಂದು ಸಾರಿದರು. ಅದಕ್ಕೂ ಬಹಳ ಮೊದಲೇ, 1927ರಲ್ಲಿ, ಕಾಡುಹೂಗಳ ರಕ್ಷಣೆಗೆಂದು ಅಲ್ಲೊಂದು ಕಾನೂನು ಬಂದಿತ್ತು. ಚೆಂದ ಕಂಡಿತು ಎಂದು ಜನ ಕಾಡಿಗೆ ನುಗ್ಗಿ ಹೊರೆಗಟ್ಟಲೆ ಕಿತ್ತು ತರುತ್ತಿದ್ದರಂತೆ. ಈಗ ಅಂಗಡಿಯಲ್ಲಿ ಮಾರುವುದು ತೋಟದಲ್ಲಿ ಬೆಳೆಸಿದ ಹೂ.

ಇನ್ನು ನನ್ನ ಕಥೆಗೆ ಬರೋಣ. ಜುಲೈ ಕೊನೆಗೆ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ನನಗೋ ಉತ್ಸಾಹ! ಬೆಳಗ್ಗೆ ಎದ್ದರೆ ಅಂಟಿನುಂಡೆ, ಮಧ್ಯಾಹ್ನ ಬಿಸಿ ಅನ್ನಕ್ಕೆ ಮೆಣಸಿನ ಸಾರು, ಮೇಲೆ ಹುಟ್ಟು ತುಂಬ ತುಪ್ಪ, ರಾತ್ರಿ ಬಾದಾಮಿ ಹಾಲು. ಬೇಡ ಎಂದರೂ ಬಿಡುತ್ತಿರಲಿಲ್ಲ. ಉಳಿದ ಹೊತ್ತಿನಲ್ಲಿ ಕೈ ಸುಮ್ಮನಿರಬೇಕಲ್ಲ? ಆ ವಾರಾಟಾ ಗಿಡದ ಬುಡ ನೋಡಿದೆ. ಬರೀ ಮರಳು, ಮೇಲಿಷ್ಟು ತರಗೆಲೆ. ಅಯ್ಯೋ ಪಾಪ, ಹೊಟ್ಟೆಗಿಲ್ಲದ ಗಿಡ ಎನಿಸಿತು. "ನಾಲ್ಕು ವರ್ಷಕ್ಕೆ ಒಂದು ಮೊಗ್ಗು ಅಂದ್ರೆ ಏನರ್ಥ? ಗೊಬ್ಬರ ಹಾಕಿದ್ಯಾ?" ಎಂದು ಕೇಳಿದೆ.

"ಅದಕ್ಕೇನೂ ಹಾಕ್ಬೇಡ ಅಕ್ಕ. ಅದರ ಪಾಡಿಗೆ ಬಿಟ್ಬಿಡಿ ಅಂತ ನರ್ಸರಿಯವರು ಹೇಳಿದ್ದಾರೆ."

ನರ್ಸರಿಯವರಿಗೇನು ಗೊತ್ತು, ಇಪ್ಪತ್ತು ವರ್ಷದಿಂದ ಮಲ್ಲಿಗೆ ಗುಲಾಬಿ ಬೆಳೆಸಿದ ಕೈ ಇದು! ಶೆಡ್ಡಿನಲ್ಲಿ ತರಕಾರಿ ಮಡಿಗೆಂದು ತಂದಿಟ್ಟ ಕೋಳಿ ಗೊಬ್ಬರದ ಚೀಲ ಇತ್ತು. ತಂಗಿ ಮಲಗಿದ್ದಾಗ ತರಗೆಲೆ ಸರಿಸಿ, ಬುಡ ಕೆದಕಿ, ಎರಡು ಬೊಗಸೆ ಹಾಕಿ ನೀರು ಬಿಟ್ಟೆ. ವಾರ ಬಿಟ್ಟು ಇನ್ನೆರಡು ಬೊಗಸೆ. ಅದರ ಮೇಲೆ ದಿನವೂ ಬೇಳೆ ಅಕ್ಕಿ ತೊಳೆದ ನೀರು. ಯಾರಿಗೂ ಹೇಳಲಿಲ್ಲ. ಹೂ ದೊಡ್ಡದಾಗಿ ಅರಳಿದಾಗ ಹೇಳೋಣ ಅಂತ!

ಸೆಪ್ಟೆಂಬರ್ ಬಂತು. ಎಲೆಯ ತುದಿ ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಹೊಸ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಒಂದು ಬೆಳಗ್ಗೆ ಮೊಗ್ಗು ಕಪ್ಪಾಗಿ ತಲೆ ಬಗ್ಗಿಸಿತ್ತು. ಮುಟ್ಟಿದರೆ ಕೈಗೇ ಬಂತು.

ತಂಗಿಯ ಯಜಮಾನರು ಒಂದು ರೆಂಬೆ ತೆಗೆದುಕೊಂಡು ನರ್ಸರಿಗೆ ಹೋದರು. ನಾನೂ ಜೊತೆಗೆ ಹೋದೆ. ಅಲ್ಲಿದ್ದ ವಯಸ್ಸಾದವರು ಎಲೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಯಾರು ಊಟ ಹಾಕಿದರು?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಆ ಹಿರಿಯರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ, ಕೇಳಿ. ವಾರಾಟಾದ ತವರು ಸಿಡ್ನಿಯ ಸುತ್ತಣ ಮರಳುಗಲ್ಲಿನ ಗುಡ್ಡಗಳು. ಆ ಕಲ್ಲು ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯದು. ಅದು ಸವೆದು ಆದ ಮಣ್ಣು ಬಹುಪಾಲು ಮರಳೇ. ಸಾರವೆಲ್ಲ ಮಳೆಗೆ ತೊಳೆದುಹೋಗಿರುತ್ತದೆ. ಗಿಡಕ್ಕೆ ಬೇಕಾದ ರಂಜಕವಂತೂ ಅತಿ ಕಡಿಮೆ. ನಾವು ಗೊಬ್ಬರದಂಗಡಿಯಲ್ಲಿ ಸೂಪರ್ ಫಾಸ್ಫೇಟ್ ಎಂದು ಕೊಳ್ಳುತ್ತೇವಲ್ಲ, ಅದರಲ್ಲಿರುವುದು ಈ ರಂಜಕವೇ.

ಇಂಥ ಬಡ ಮಣ್ಣಿನಲ್ಲಿ ಬದುಕಲು ಈ ಗಿಡ ಒಂದು ಉಪಾಯ ಕಲಿತಿದೆ. ತರಗೆಲೆಯ ಕೆಳಗೆ, ಮಣ್ಣಿನ ಮೇಲುಪದರದಲ್ಲೇ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಒತ್ತೊತ್ತಾಗಿ ಎಳೆಬೇರುಗಳ ಗೊಂಚಲು ಬಿಡುತ್ತದೆ. ಆ ಬೇರಿನಿಂದ ಒಂದು ಬಗೆಯ ಹುಳಿ ಒಸರುತ್ತದೆ. ಹುಣಸೆಹುಳಿ ಹಚ್ಚಿದರೆ ತಾಮ್ರದ ಕಿಲುಬು ಬಿಡುವುದಿಲ್ಲವೇ? ಹಾಗೆ ಈ ಹುಳಿ ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸುತ್ತದೆ. ಬೇರು ಅದನ್ನು ತಕ್ಷಣ ಹೀರಿಕೊಳ್ಳುತ್ತದೆ. ಕಾಸು ಕಾಸು ಕೂಡಿಟ್ಟು ಸಂಸಾರ ತೂಗಿಸುವ ಗೃಹಿಣಿಯ ಜಾಣತನ!

ಆದರೆ ಈ ಜಾಣತನವೇ ಅದಕ್ಕೆ ಮುಳುವು. ಸಿಕ್ಕಿದ್ದನ್ನೆಲ್ಲ ಹೀರುವುದನ್ನು ಕಲಿತ ಬೇರಿಗೆ, ಸಾಕು ಎಂದು ಕೈ ಅಡ್ಡ ಹಿಡಿಯುವುದು ಗೊತ್ತಿಲ್ಲ. ಕೋಟ್ಯಂತರ ವರ್ಷ ಹೆಚ್ಚಿಗೆ ಸಿಕ್ಕಿದ್ದೇ ಇಲ್ಲವಲ್ಲ, ಕಲಿಯುವುದೆಲ್ಲಿಂದ? ಕೋಳಿ ಗೊಬ್ಬರದಲ್ಲಿ ರಂಜಕ ಜಾಸ್ತಿ. ನಾನು ಹಾಕಿದಷ್ಟನ್ನೂ ಅದು ಹೀರಿತು. ಅದು ಎಲೆಯಲ್ಲಿ ಸೇರಿ ವಿಷವಾಯಿತು. ಎಲೆಗೆ ಬೇಕಾದ ಕಬ್ಬಿಣದ ಅಂಶವೂ ಕೆಲಸಕ್ಕೆ ಬಾರದೆ ಹೋಗಿ ಚಿಗುರು ಹಳದಿಯಾಯಿತು. ಮೇಲೆ ದಿನವೂ ನೀರು. ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆಯುವ ರೋಗ ಇದಕ್ಕೆ ಬೇಗ ತಗಲುತ್ತದೆ. ತರಗೆಲೆ ಸರಿಸಿ ಬುಡ ಕೆದಕಿದಾಗ ಆ ಗೊಂಚಲು ಬೇರನ್ನೂ ನಾನೇ ಕಿತ್ತಿದ್ದೆ. ತಂಗಿ ಮನೆಯ ಭಾಗದಲ್ಲಿ ಜೇಡಿ ಮಣ್ಣು, ನೀರು ಬಸಿಯುವುದಿಲ್ಲ. ಅದಕ್ಕೇ ಪಾಪ ಅವರು ಮರಳು ಬೆರೆಸಿ ದಿಬ್ಬ ಮಾಡಿದ್ದು. ನಾನು ಅದನ್ನು ಬಡತನ ಅಂದುಕೊಂಡೆ!

ಮನೆಗೆ ಬಂದು ತಂಗಿಯ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ, ಮಾತೂ ಆಡಲಿಲ್ಲ. ಸಾಯಂಕಾಲ ನಾನು ಎಂದಿನಂತೆ ಅಂಟಿನುಂಡೆಯ ತಟ್ಟೆ ಹಿಡಿದು ಹೋದಾಗ ಅವಳ ಕಣ್ಣಲ್ಲಿ ನೀರು ಬಂತು. "ಅಕ್ಕ, ನಂಗೆ ಹಸಿವಿಲ್ಲ ಅಂದ್ರೆ ಹಸಿವಿಲ್ಲ ಅಷ್ಟೇ. ನೀನು ಬಂದಾಗಿಂದ ನಾನು ಬೇಡ ಅಂದದ್ದು ಒಂದ್ಸಲನಾದ್ರೂ ನಿನ್ನ ಕಿವಿಗೆ ಬಿತ್ತಾ? ಗಿಡಕ್ಕಾದ್ರೆ ಬಾಯಿಲ್ಲ. ನಂಗೆ ಬಾಯಿದ್ದೂ ಏನು ಬಂತು?"

ತಟ್ಟೆ ಅಲ್ಲೇ ಇಟ್ಟು ಆಚೆ ಬಂದೆ. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಇಷ್ಟು ದೂರ ಬಂದು ಮಾಡಿದ್ದಕ್ಕೆ ಇದೇನಾ ಎನಿಸಿತು. ರಾತ್ರಿಯೆಲ್ಲ ನಿದ್ದೆಯಿಲ್ಲ.

ಅಕ್ಟೋಬರಿನಲ್ಲಿ, ನಾನು ಹೊರಡುವ ಮುಂಚೆ, ತಂಗಿಯೇ ಹೇಳಿದಳು, "ಬಾ ಅಕ್ಕ, ಅದರ ತವರು ನೋಡ್ಕೊಂಡು ಬರೋಣ." ಮಗುವನ್ನೂ ಕಟ್ಟಿಕೊಂಡು ಕಾರಿನಲ್ಲಿ ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲಿಗೆ ಹೋದೆವು. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು. ಎತ್ತರ ಸುಮಾರು 1000 ಮೀಟರ್. ಕಣ್ಣು ಹಾಯುವಷ್ಟು ದೂರ ನೀಲಗಿರಿ ಮರಗಳ ಕಾಡು. ಹೌದು, ನಮ್ಮಲ್ಲಿ ನೆಡುತೋಪು ಮಾಡಿದ ನೀಲಗಿರಿ ಮರಗಳ ತವರೂ ಆಸ್ಟ್ರೇಲಿಯಾವೇ. ಈ ಪ್ರದೇಶಕ್ಕೆ 2000ನೇ ಇಸವಿಯಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು.

ಆದರೆ ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸುಟ್ಟ ಮರಗಳು. 2019-20ರ ಬೇಸಿಗೆಯ ಕಾಳ್ಗಿಚ್ಚಿನ ಸುದ್ದಿ ನಿಮಗೆ ನೆನಪಿರಬಹುದು. ಒಂದು ಸಿಡಿಲಿನಿಂದ ಹೊತ್ತಿದ ಒಂದೇ ಬೆಂಕಿ ಐದು ಲಕ್ಷ ಹೆಕ್ಟೇರು ದಾಟಿತ್ತು. ಈ ಪರಂಪರೆಯ ಕಾಡಿನಲ್ಲಿ ಶೇಕಡಾ 80ರಷ್ಟು ಸುಟ್ಟಿತು. ಮೂರು ವರ್ಷವಾಗುತ್ತ ಬಂದಿದ್ದರೂ ಕಾಂಡಗಳ ಮೇಲೆ ಮಸಿ ಹಾಗೇ ಇತ್ತು.

ಆ ಕಪ್ಪು ಕಾಂಡಗಳ ನಡುವೆ, ಕಾಲಿಟ್ಟರೆ ಜರುಗುವ ಮರಳಿನಲ್ಲಿ, ವಾರಾಟಾ ಅರಳಿ ನಿಂತಿತ್ತು! ಒಂದಲ್ಲ, ಎರಡಲ್ಲ. ಇಳಿಜಾರಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು, ಆಳೆತ್ತರದ ಕೋಲಿನ ತುದಿಯಲ್ಲಿ ಕೆಂಪು ಚೆಂಡು. ನೀರು ಹಾಕುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತುಬಿಟ್ಟೆ.

ಬೆಂಕಿಯಲ್ಲಿ ಹೇಗೆ ಉಳಿಯಿತು ಅಂತೀರಾ? ಇದರ ಬುಡದಲ್ಲಿ, ಮಣ್ಣಿನೊಳಗೆ, ಮರದಂಥ ಒಂದು ಗಟ್ಟಿ ಗಡ್ಡೆ ಇರುತ್ತದೆ. ಮೇಲಿನ ಕೋಲೆಲ್ಲ ಬೂದಿಯಾದರೂ ಗಡ್ಡೆಯಲ್ಲಿ ಮಲಗಿದ್ದ ಕಣ್ಣುಗಳು ಚಿಗುರುತ್ತವೆ. ಎರಡು ಮೂರು ವರ್ಷಕ್ಕೆ ಎಂದಿಗಿಂತ ಹೆಚ್ಚಾಗಿ ಹೂ ಬಿಡುತ್ತದೆ. ಅಷ್ಟು ಹೂವಿನಲ್ಲಿ ಕಾಯಿ ಕಚ್ಚುವುದು ಕೆಲವೇ. ಕಂದು ಬಣ್ಣದ ಗಟ್ಟಿ ಕಾಯಿ ಬಿರಿದು ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ. ಸುಟ್ಟು ತೆರವಾದ ನೆಲದಲ್ಲಿ ಬಿದ್ದು ಹೊಸ ಸಸಿ ಹುಟ್ಟುತ್ತದೆ. ಆ ಸಸಿ ತನ್ನದೇ ಗಡ್ಡೆ ಕಟ್ಟಿಕೊಳ್ಳಲು ವರ್ಷಗಳು ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಿದ್ದರೆ ಅದು ಉಳಿಯದು. ಹವೆ ಬಿಸಿಯಾಗಿ ಕಾಳ್ಗಿಚ್ಚು ಮೇಲಿಂದ ಮೇಲೆ ಬಂದರೆ ಈ ಗಿಡದ ತಾಳ್ಮೆಗೂ ಮಿತಿ ಇದೆ ಎಂದು ತಿಳಿದವರು ಆತಂಕ ಪಡುವುದು ಇದಕ್ಕೇ.

ಅಲ್ಲಿನ ಮೂಲನಿವಾಸಿಗಳಲ್ಲಿ ಒಂದು ಕಥೆಯಿದೆ. ಮೊದಲು ಈ ಹೂ ಬೆಳ್ಳಗಿತ್ತಂತೆ. ಒಂದು ಹೆಣ್ಣು ಪಾರಿವಾಳ ಕಳೆದುಹೋದ ಗಂಡನನ್ನು ಹುಡುಕಿ ಮರಗಳ ಮೇಲಕ್ಕೆ ಹಾರಿತಂತೆ. ಗಿಡುಗ ಹಿಡಿಯಿತು. ಹೇಗೋ ಕೊಸರಿಕೊಂಡು, ರಕ್ತ ಸುರಿಸುತ್ತ ವಾರಾಟಾ ಪೊದೆಯ ಮೇಲೆ ಬಿತ್ತು. ಆ ರಕ್ತದಿಂದ ಹೂ ಕೆಂಪಾಯಿತಂತೆ. ಎಲ್ಲೋ ಅಪರೂಪಕ್ಕೆ ಬಿಳಿ ಹೂವಿನ ಗಿಡವೂ ಸಿಗುತ್ತದೆ ಎಂದು ತಂಗಿ ಹೇಳಿದಳು. ಹೆಣ್ಣಿನ ಕಷ್ಟದ ಕಥೆ ಯಾವ ಊರಿನ ಹೂವಿಗೂ ಅಂಟಿಕೊಂಡಿರುತ್ತದೆ, ನೋಡಿ.

ಅಲ್ಲಿ ಒಂದು ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಚಪಾತಿ, ಪಲ್ಯ. ಎರಡು ಬಡಿಸಿದೆ. ಮೂರನೆಯದಕ್ಕೆ ಕೈ ಹೋಗಿತ್ತು, ತಡೆದೆ. "ಇನ್ನೊಂದು ಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾದೆ. ತಂಗಿ ನನ್ನ ಮುಖ ನೋಡಿ ನಕ್ಕಳು. "ಅರ್ಧ ಕೊಡು" ಎಂದಳು. ಆ ಅರ್ಧ ಚಪಾತಿ ಕೊಟ್ಟಾಗ ಆದ ಸಮಾಧಾನ ಹುಟ್ಟು ತುಂಬ ತುಪ್ಪ ಬಡಿಸಿದಾಗಲೂ ಆಗಿರಲಿಲ್ಲ.

ಸೋದರಿಯರೇ, ಇಷ್ಟೆಲ್ಲ ಹೇಳಿದ್ದು ನೀವು ವಾರಾಟಾ ತರಿಸಿ ನೆಡಲಿ ಎಂದಲ್ಲ. ಪರದೇಶದಿಂದ ಬೀಜ, ಕಡ್ಡಿ ಗುಟ್ಟಾಗಿ ತರುವುದು ತಪ್ಪು. ಅದರೊಂದಿಗೆ ರೋಗ, ಕೀಟಗಳೂ ಬರುತ್ತವೆ. ಅದೇ ವಂಶದ ಒಂದು ಮರ ನಮ್ಮಲ್ಲಿ ಆಗಲೇ ನೆಲೆಯೂರಿದೆ. ಕೊಡಗು, ಚಿಕ್ಕಮಗಳೂರಿನ ಕಡೆಯವರು ನಿತ್ಯ ನೋಡುವ ಸಿಲ್ವರ್ ಮರ! ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ನೆಡುತ್ತಾರಲ್ಲ, ಅದೇ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮಳೆಯ ಸೀಮೆ. ಬಾಚಣಿಗೆಯ ಹಾಗಿರುವ ಅದರ ಹೊಂಬಣ್ಣದ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಾಗಿದ ಆ ಪುಟ್ಟ ಹೂಗಳಲ್ಲಿ ವಾರಾಟಾದ ಮುಖಚ್ಛಾಯೆ ಕಾಣುತ್ತದೆ. ಬಡ ಮಣ್ಣಿನಲ್ಲಿ ಅದಕ್ಕೂ ಅಂಥದೇ ಗೊಂಚಲು ಬೇರು ಬರುತ್ತದೆ.

ನಾನು ಹೇಳಬೇಕೆಂದದ್ದು ಇಷ್ಟು. ಗಿಡ ತಂದಾಗ ಮೊದಲು ಅದರ ತವರು ಯಾವುದು ಕೇಳಿ. ಎಂಥ ಮಣ್ಣು, ಎಷ್ಟು ಮಳೆ, ಬಿಸಿಲೋ ನೆರಳೋ ತಿಳಿದುಕೊಳ್ಳಿ. ಮಲೆನಾಡಿನ ಸೀತಾಳೆ ದಂಡೆ ಮರದ ತೊಗಟೆ ಹಿಡಿದು ಗಾಳಿಯಲ್ಲಿ ಬೆಳೆಯುವಂಥದು. ಅದನ್ನು ತಂದು ಕುಂಡದಲ್ಲಿ ಮಣ್ಣು ಗೊಬ್ಬರ ತುಂಬಿ ನೆಟ್ಟರೆ ಬೇರು ಕೊಳೆಯುತ್ತದೆ. ಕಾಗದದ ಹೂವಿನ ಬಳ್ಳಿಗೆ, ಅದೇ ಬೋಗನ್‌ವಿಲ್ಲಾಕ್ಕೆ, ನೀರು ಗೊಬ್ಬರ ಹೆಚ್ಚಾದರೆ ಬರೀ ಎಲೆ. ಸ್ವಲ್ಪ ಬಾಯಾರಿಸಿದರೆ ಮೈತುಂಬ ಹೂ. ಮಲ್ಲಿಗೆ ಗುಲಾಬಿಗೆ ಮಾತ್ರ ಧಾರಾಳವಾಗಿ ಹಾಕಿ, ಅವು ಉಣ್ಣುವ ಜಾತಿ. ಎಲೆಯ ತುದಿ ಸುಟ್ಟಂತಾದರೆ ಕೂಡಲೇ ಗೊಬ್ಬರಕ್ಕೆ ಕೈ ಹಾಕಬೇಡಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಒದ್ದೆಯಿದ್ದರೆ ನೀರೂ ಬೇಡ, ಗೊಬ್ಬರವೂ ಬೇಡ. ಹದಿನೈದು ದಿನ ಸುಮ್ಮನಿರಿ. ಗಿಡದ ಬುಡದ ತರಗೆಲೆಯನ್ನು ಕಸವೆಂದು ಗುಡಿಸಬೇಡಿ.

ತಂಗಿಯ ಆ ಗಿಡ ಮತ್ತೆ ಚಿಗುರಲಿಲ್ಲ. ಬೆಂಕಿಗೆ ಸಾಯದ ಜಾತಿಯದು ನನ್ನ ಉಪಚಾರಕ್ಕೆ ಸತ್ತಿತು. ಮರುವರ್ಷ ಅದೇ ದಿಬ್ಬದಲ್ಲಿ ಮಣ್ಣು ಬದಲಾಯಿಸಿ ಇನ್ನೊಂದು ನೆಟ್ಟಿದ್ದಾರೆ. ಫೋನು ಮಾಡಿದಾಗಲೆಲ್ಲ ಕೇಳುತ್ತೇನೆ, "ಗಿಡ ಹೇಗಿದೆ?" "ಇದೆ ಅಕ್ಕ, ಅದರ ಪಾಡಿಗೆ" ಎನ್ನುತ್ತಾಳೆ. "ಮಗು ಸರಿಯಾಗಿ ಊಟ ಮಾಡ್ತಾಳಾ?" ಎಂದು ನಾಲಿಗೆ ತುದಿಗೆ ಬಂದಿರುತ್ತದೆ. ಒಮ್ಮೊಮ್ಮೆ ಕೇಳಿಯೂ ಬಿಡುತ್ತೇನೆ. ಹುಟ್ಟುಗುಣ ಅಷ್ಟು ಬೇಗ ಹೋಗುತ್ತದೆಯೇ!

ನಿಮ್ಮ ಅಂಗಳದಲ್ಲೂ ಹೀಗೆ ಅತಿ ಉಪಚಾರಕ್ಕೆ ಸೊರಗಿದ ಗಿಡವಿದ್ದರೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಕುಂಡದ ಮಣ್ಣು ಬದಲಾಯಿಸುವ ಬಗೆ ಹೇಳುತ್ತೇನೆ. ಅಲ್ಲಿಯ ತನಕ, ಬರಲೇ?